ಕೆಟ್ಟು ನಿಂತ ಗಾಡಿಯೂ ಕೈಕಟ್ಟಿ ನಿಂತ ಸವಾರನೂ

“ಸಾರ್, ಈಗಿನ ಬೈಕುಗಳು ದಾರಿಯಲ್ಲಿ ಕೆಡುವುದೇ ಇಲ್ಲ. ಕೆಟ್ಟರೂ ನಾವು ಕೈ ಹಚ್ಚಬೇಕಾಗಿಲ್ಲ, ಕಂಪನಿಗೆ ಫೋನ್ ಮಾಡಿದರೆ ಅವರೇ ಬಂದು ಎತ್ತಿಕೊಂಡು ಹೋಗುತ್ತಾರೆ.” ಊಟಿಗೆ, ವಯನಾಡಿಗೆ, ಕೆಲವೊಮ್ಮೆ ಲಡಾಖಿನವರೆಗೂ ಮೋಟಾರು ಬೈಕಿನಲ್ಲಿ ಹೋಗಿಬರುವ ನನ್ನ ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಈ ಮಾತನ್ನು ಈಚೆಗೆ ಪದೇ ಪದೇ ಕೇಳುತ್ತಿದ್ದೇನೆ. ಬಿಳಿಗೆರೆಗೆ ಬಂದಾಗ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತ ಇದನ್ನು ಅವರು ಹೆಮ್ಮೆಯಿಂದಲೇ ಹೇಳುತ್ತಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಬಗ್ಗೆ ನನಗೆ ಬಲವಾದ ತಕರಾರಿದೆ. ಮೇಷ್ಟ್ರೆಂಬ ಸಲಿಗೆಯಿಂದ ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಸತ್ಯವಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದ ಟೂ ಸ್ಟ್ರೋಕ್ ಗಾಡಿಗಳ ಹೊಗೆಯನ್ನು ನುಂಗಿದವರು ಯಾರೂ ಆ ಕಾಲ ಮರಳಿ ಬರಲೆಂದು ಹರಕೆ ಹೊರಲಾರರು. ಪ್ಲಗ್ಗಿಗೆ ಮಸಿ ಕಟ್ಟಿ ಗಾಡಿ ನಿಲ್ಲುತ್ತಿದ್ದುದು ಆಗ ದಿನನಿತ್ಯದ ಮಾತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದು, ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರಿನ ಜಾಗವನ್ನು ಬಹುಮಟ್ಟಿಗೆ ಫ್ಯೂಯಲ್ ಇಂಜೆಕ್ಷನ್ ಹಿಡಿದಿದೆ. ಎಂಜಿನ್ನುಗಳು ಶುದ್ಧವಾಗಿವೆ, ಅಪರೂಪಕ್ಕೆ ಮಾತ್ರ ಮುನಿಯುತ್ತವೆ. ಇದು ಲಾಭವೇ.

ಆದರೆ ‘ಅಪರೂಪಕ್ಕೆ’ ಎಂದರೆ ‘ಎಂದೂ ಇಲ್ಲ’ ಎಂದರ್ಥವಲ್ಲ. ನಂಜನಗೂಡು ದಾಟಿ, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡನ್ನು ಹೊಕ್ಕ ಸವಾರನ ಸ್ಥಿತಿಯನ್ನು ಯೋಚಿಸಿ. ಆ ಕಾಡಿನ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರದ ಮೇಲೆ 2009ರಿಂದ ನಿರ್ಬಂಧವಿದೆ. ಸಂಜೆ ಏಳೂವರೆಗೆ ನಡುಗಾಡಿನಲ್ಲಿ ಗಾಡಿ ನಿಂತರೆ, ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ, ನಿಮ್ಮನ್ನು ಎತ್ತಿಕೊಂಡು ಹೋಗಲು ಬರುವ ಕಂಪನಿ ಯಾವುದು? ಪಕ್ಕದ ಪೊದೆಯಲ್ಲಿ ಮೇಯುತ್ತಿರುವ ಆನೆಗೆ ನಿಮ್ಮ ವಾರಂಟಿ ಕಾರ್ಡು ತೋರಿಸಲಾದೀತೇ?

ಹಾಗೆ ನಿಂತ ಗಾಡಿಗಳಲ್ಲಿ ಎಷ್ಟೋ ಕ್ಷುಲ್ಲಕ ಕಾರಣಕ್ಕೆ ನಿಂತಿರುತ್ತವೆ. ಬ್ಯಾಟರಿಯ ಟರ್ಮಿನಲ್ ಸಡಿಲವಾಗಿರುತ್ತದೆ. ಫ್ಯೂಸ್ ಹೋಗಿರುತ್ತದೆ, ಬದಲಿ ಫ್ಯೂಸ್ ಸಾಮಾನ್ಯವಾಗಿ ಅದರ ಪಕ್ಕದಲ್ಲೇ ಕುಳಿತಿರುತ್ತದೆ. ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿ, ಸ್ಟ್ಯಾಂಡು ಇಳಿದೇ ಇದೆಯೆಂದು ಗಾಡಿ ಭಾವಿಸಿರುತ್ತದೆ. ಹ್ಯಾಂಡಲಿನ ಮೇಲಿನ ಕೆಂಪು ಸ್ವಿಚ್ಚನ್ನು ಯಾರೋ ಒತ್ತಿರುತ್ತಾರೆ. ಟ್ಯೂಬ್‌ಲೆಸ್ ಟೈರಿನ ಪಂಕ್ಚರನ್ನಂತೂ ಒಂದು ಪಟ್ಟಿ, ಒಂದು ಸೂಜಿ, ಒಂದು ಪಂಪು ಇದ್ದರೆ ಚಕ್ರ ಬಿಚ್ಚದೆಯೇ ಮುಚ್ಚಬಹುದು. ಇವಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ, ಕಣ್ಣು ಮತ್ತು ಕ್ರಮ ಬೇಕು.

ಕ್ರಮ ಎಂದೆ. ಹಳೆಯ ಮೆಕ್ಯಾನಿಕ್ಕುಗಳು ಮೂರೇ ಪ್ರಶ್ನೆ ಕೇಳುತ್ತಿದ್ದರು. ಪೆಟ್ರೋಲ್ ಬರುತ್ತಿದೆಯೇ? ಕಿಡಿ ಬರುತ್ತಿದೆಯೇ? ಗಾಳಿ ಸಿಗುತ್ತಿದೆಯೇ? ಒಂದನ್ನು ಪರೀಕ್ಷಿಸಿ, ಸರಿಯಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುವುದು. ಇದಕ್ಕಿಂತ ಶುದ್ಧವಾದ ವಿಜ್ಞಾನದ ಪಾಠ ಯಾವ ಪುಸ್ತಕದಲ್ಲಿದೆ? ನಮ್ಮ ಶಾಲೆಗಳಲ್ಲಿ ಅಂತರ್ದಹನ ಎಂಜಿನ್ನಿನ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ, ಪೂರ್ತಿ ಅಂಕ ಪಡೆದ ಬಾಲಕನ ಕೈಗೆ ಒಂದು ಸ್ಪಾರ್ಕ್ ಪ್ಲಗ್ ಕೊಟ್ಟು ನೋಡಿ. ಅದು ಏನೆಂದು ಗುರುತಿಸುವವರು ವಿರಳ.

ಗಾಡಿಯ ಸಂಗತಿ ಹಾಗಿರಲಿ, ಅದನ್ನು ರೂಪಿಸುವವರ ಮನೋಧರ್ಮ ಇನ್ನೂ ದೊಡ್ಡ ಸಂಗತಿ. ಇದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆಯಿದೆ. ಮೈಸೂರಿನ ಯಾದವಗಿರಿಯಲ್ಲಿ 1960ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ವಿನ್ಯಾಸದ ಜಾವಾ ಬೈಕುಗಳನ್ನು ತಯಾರಿಸಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. ಗೇರಿನ ಲಿವರೇ ಕಿಕ್ಕರ್ ಕೂಡ ಆಗಿದ್ದ ಆ ಗಾಡಿಯಲ್ಲಿ ಮತ್ತೊಂದು ಜಾಣತನವಿತ್ತು. ಕಾಲಿನಿಂದ ಗೇರ್ ಲಿವರನ್ನು ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುತ್ತಿತ್ತು. 1986ರ ಬೇಸಿಗೆ ರಜೆಯಲ್ಲಿ ನಾನೂ ಸಹೋದ್ಯೋಗಿ ಮೇಷ್ಟ್ರೊಬ್ಬರೂ ಅವರ ಯೆಜ್ಡಿಯಲ್ಲಿ ಊಟಿಯಿಂದ ಮರಳುತ್ತಿದ್ದಾಗ ತೆಪ್ಪಕಾಡು ದಾಟಿದೊಡನೆ ಕ್ಲಚ್ ವೈರ್ ತುಂಡಾಯಿತು. ಅವರು ಗಾಬರಿಯಾಗಲಿಲ್ಲ. ಲಿವರನ್ನು ಒತ್ತಿ ಹಿಡಿದು ಮೆಲ್ಲಗೆ ಬಿಡುತ್ತ, ಕಾಡನ್ನೆಲ್ಲ ದಾಟಿಸಿ ಗುಂಡ್ಲುಪೇಟೆ ಮುಟ್ಟಿಸಿದರು. ಅಲ್ಲಿ ಹೊಸ ವೈರ್ ಕೊಂಡು, ಮರದ ನೆರಳಿನಲ್ಲಿ ತಾವೇ ಕಟ್ಟಿಕೊಂಡರು. ಒಂದು ಭಾಗ ಕೆಟ್ಟರೂ ಸವಾರನನ್ನು ಮನೆ ಸೇರಿಸುವ ವಿನ್ಯಾಸ ಅದು; ಸವಾರನಿಗೂ ಆ ವಿನ್ಯಾಸ ತಿಳಿದಿತ್ತು. ಎರಡರಲ್ಲಿ ಒಂದಿಲ್ಲದಿದ್ದರೂ ಆ ರಾತ್ರಿ ನಾವು ಕಾಡಿನಲ್ಲೇ ಇರುತ್ತಿದ್ದೆವು.

ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಅದು ಹೊರತಂದ ಗಾಡಿಗಳು ಇಂದಿಗೂ ಓಡುತ್ತಿವೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನದಂದು ಅವುಗಳ ಸಾಲನ್ನು ನೋಡಬೇಕು. ತಾಯಿ ಸತ್ತ ಮೂರು ದಶಕಗಳಾದರೂ ಮಕ್ಕಳು ಬದುಕಿರುವುದು ಹೇಗೆ? ರಿಪೇರಿಯ ವಿದ್ಯೆ ಕಾರ್ಖಾನೆಯ ಕಾಂಪೌಂಡಿನೊಳಗೆ ಬಂದಿಯಾಗಿರಲಿಲ್ಲ. ಅದು ಬೀದಿಬೀದಿಯ ಗ್ಯಾರೇಜುಗಳಲ್ಲಿ, ಮೆಕ್ಯಾನಿಕ್ಕುಗಳ ಬೆರಳುಗಳಲ್ಲಿ, ಸವಾರರ ತಲೆಗಳಲ್ಲಿ ಹಂಚಿಹೋಗಿತ್ತು.

ಈಗ ನಿಮ್ಮ ಹೊಸ ಗಾಡಿಯ ಕಡೆಗೆ ನೋಡಿ. ಡ್ಯಾಶಿನಲ್ಲಿ ಹಳದಿ ದೀಪ ಹೊತ್ತುತ್ತದೆ. ಅದರ ಅರ್ಥವನ್ನು ಹೇಳುವ ಉಪಕರಣ ಸರ್ವಿಸ್ ಸೆಂಟರಿನಲ್ಲಿದೆ. ಅನೇಕ ಮಾದರಿಗಳಲ್ಲಿ ಕಿಕ್ಕರನ್ನೇ ತೆಗೆದುಹಾಕಿದ್ದಾರೆ. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ, ಏಕೆಂದರೆ ಪೆಟ್ರೋಲ್ ಪಂಪಿಗೂ ವಿದ್ಯುತ್ ಬೇಕು. ದುಡ್ಡು ಕೊಟ್ಟು ಕೊಂಡ ವಸ್ತುವಿನ ಕಾಯಿಲೆಯನ್ನು ತಿಳಿಯುವ ಹಕ್ಕು ಒಡೆಯನಿಗಿಲ್ಲವೆಂದರೆ ಅವನು ಒಡೆಯನೋ ಬಾಡಿಗೆದಾರನೋ? ಇದು ನನ್ನೊಬ್ಬನ ಗೊಣಗಾಟವಲ್ಲ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ರಚಿಸಿದಾಗ, ಮೊಬೈಲು, ಗೃಹೋಪಕರಣ, ಕೃಷಿ ಯಂತ್ರಗಳ ಜೊತೆಗೆ ವಾಹನಗಳನ್ನೂ ಸೇರಿಸಿತು. ಆ ಹಕ್ಕನ್ನು ಕೇಳುವವರೇ ಇಲ್ಲದಿದ್ದರೆ ಅದು ಕಾಗದದ ಮೇಲೆ ಉಳಿಯುತ್ತದೆ. ಕೇಳಬೇಕಾದವರು, “ನಾವು ಕೈ ಹಚ್ಚಬೇಕಾಗಿಲ್ಲ ಸಾರ್” ಎನ್ನುತ್ತಿದ್ದಾರೆ!

ಎಬಿಎಸ್ ಬ್ರೇಕನ್ನೂ ಇಂಜೆಕ್ಟರನ್ನೂ ರಸ್ತೆ ಬದಿಯಲ್ಲಿ ಬಿಚ್ಚಿ ಎಂದು ನಾನು ಹೇಳುತ್ತಿಲ್ಲ. ಯಾವುದನ್ನು ಮುಟ್ಟಬಾರದೆಂದು ತಿಳಿಯುವುದಕ್ಕೂ ಗಾಡಿಯ ಪರಿಚಯ ಬೇಕು. “ಅದಕ್ಕೆಲ್ಲ ಸಮಯವೆಲ್ಲಿ?” ಎಂಬವರಿಗೆ ನನ್ನ ಉತ್ತರವಿಷ್ಟೆ: ಗಾಡಿಯ ಬಣ್ಣ ಆರಿಸಲು ಮೂರು ವಾರ ಕಳೆದವರಿಗೆ ಅದರ ಫ್ಯೂಸ್ ಪೆಟ್ಟಿಗೆ ಎಲ್ಲಿದೆಯೆಂದು ನೋಡಲು ಹತ್ತು ನಿಮಿಷ ಸಿಕ್ಕೀತು.

ನಿಜವಾದ ಅಡ್ಡಿ ಸಮಯದ್ದಲ್ಲ, ತಾತ್ಸಾರದ್ದು. ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ಮೋಟಾರ್‌ಸೈಕಲ್ ಪ್ರವಾಸದ ಪ್ರಸಿದ್ಧ ಪುಸ್ತಕದಲ್ಲಿ ಒಬ್ಬ ಗೆಳೆಯನಿದ್ದಾನೆ. ಅವನ ದುಬಾರಿ ಬೈಕಿನ ಸಡಿಲ ಹ್ಯಾಂಡಲನ್ನು ಬಿಯರ್ ಡಬ್ಬಿಯ ತಗಡಿನಿಂದ ಬಿಗಿ ಮಾಡಬಹುದೆಂದರೆ ಅವನಿಗೆ ಅವಮಾನವಾಗುತ್ತದೆ. ನಮ್ಮಲ್ಲಿ ಈ ತಾತ್ಸಾರಕ್ಕೆ ಜಾತಿಯ ಬೇರೂ ಇದೆ. ಕೈಗೆ ಮಸಿ ಹತ್ತುವ ಕೆಲಸ ‘ಅವರದು’, ನಮ್ಮದಲ್ಲ. ಆಯುಧಪೂಜೆಯ ದಿನ ಗಾಡಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣಿಟ್ಟು ಕೈಮುಗಿಯುತ್ತೇವೆ; ಮರುದಿನ ಅದೇ ಗಾಡಿಯನ್ನು ಸರಿಮಾಡುವ, ನಮ್ಮ ಅಪ್ಪನ ವಯಸ್ಸಿನ ಮೆಕ್ಯಾನಿಕ್ಕನ್ನು ಏಕವಚನದಲ್ಲಿ ಕರೆಯುತ್ತೇವೆ. ವೇದಿಕೆಯಲ್ಲಿ ಕಾಯಕದ ಗುಣಗಾನ, ಬೀದಿಯಲ್ಲಿ ಕಾಯಕ ಮಾಡುವವನಿಗೆ ‘ಏಯ್’!

ಶಾಲೆಗಳು ಈ ರೋಗಕ್ಕೆ ಮದ್ದಾಗಬೇಕಿತ್ತು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಕಲಿಕೆಯೆಂಬ ಯೋಜನೆಯನ್ನು ಮುಂದಿಟ್ಟರು. ನಮ್ಮ ತಾಲ್ಲೂಕಿನ ಬದನವಾಳಿನ ಖಾದಿ ಕೇಂದ್ರದ ಅಂಗಳದಿಂದಲೇ 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈದುಡಿಮೆಯ ಪರವಾಗಿ ಸತ್ಯಾಗ್ರಹ ನಡೆಸಿದರು. ಆದರೆ ಶಾಲೆಗಳಲ್ಲಿ ಕ್ರಾಫ್ಟ್ ಪೀರಿಯಡ್ಡೆಂದರೆ ಗಣಿತದ ಪಾಠ ಮುಗಿಸಿಕೊಳ್ಳಲು ಸಿಕ್ಕ ಬಿಡುವು ಎಂಬಂತಾಯಿತು. ಹೀಗೆ ಬೆಳೆದ ಹುಡುಗರೇ ಇಂದು ಗಾಡಿಯ ಪಕ್ಕ ಕೈಕಟ್ಟಿ ನಿಲ್ಲುತ್ತಾರೆ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಮೇಷ್ಟ್ರುಗಳಾಗಿದ್ದೀರಿ, ಕೆಲವರು ವಾಹನ ಕಂಪನಿಗಳಲ್ಲಿ ಎಂಜಿನಿಯರುಗಳು, ಬಹುಮಂದಿ ತಂದೆತಾಯಿಗಳು. ಮೇಷ್ಟ್ರುಗಳು ವರ್ಷಕ್ಕೊಮ್ಮೆಯಾದರೂ ಊರಿನ ಮೆಕ್ಯಾನಿಕ್ಕನ್ನು ತರಗತಿಗೆ ಕರೆದು, ಕುರ್ಚಿ ಕೊಟ್ಟು, ಒಂದು ಎಂಜಿನ್ನನ್ನು ಮಕ್ಕಳೆದುರು ಬಿಚ್ಚಿಸಿ. ಎಂಜಿನಿಯರುಗಳು ಆ ಹಳದಿ ದೀಪದ ಅರ್ಥವನ್ನು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ, ಕನ್ನಡದಲ್ಲಿ, ಅಚ್ಚು ಹಾಕಿಸಲು ಜಗಳವಾಡಿ. ತಂದೆತಾಯಿಗಳು ಮಗಳಿಗಾಗಲಿ ಮಗನಿಗಾಗಲಿ ಗಾಡಿಯ ಕೀಲಿ ಕೊಡುವ ಮೊದಲು, ಸೀಟಿನಡಿಯ ಟೂಲ್ ಕಿಟ್ಟನ್ನು ಅವರ ಕೈಯಿಂದಲೇ ಬಿಚ್ಚಿಸಿ, ಯಾವ ಸ್ಪ್ಯಾನರ್ ಯಾವ ನಟ್ಟಿಗೆ ಹಿಡಿಯುತ್ತದೆಂದು ಕೇಳಿ. ಉತ್ತರ ಬರುವವರೆಗೆ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.