ಜಗಲಿ ನಮ್ಮದೇ, ಆದರೆ ಪ್ರಶ್ನೆ?

‘ಏನ್ರೀ, ಬಾಯಿ ಬಿಡೋ ಹಾಗೇ ಇಲ್ವಾ? ವಾಕ್ ಸ್ವಾತಂತ್ರ್ಯ ಅಂತ ಒಂದಿದೆ, ಗೊತ್ತಾ?’

ಹೋದ ತಿಂಗಳು ಪಕ್ಕದ ಮನೆಯ ಅಕ್ಕ ನಮ್ಮ ಗೇಟಿನ ಮುಂದೆ ನಿಂತು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಬಂಗಾರಪೇಟೆಯ ನಮ್ಮ ಬೀದಿಯ ಹೆಂಗಸರ ವಾಟ್ಸ್‌ಆ್ಯಪ್ ಗುಂಪಿಗೆ ನಾನೇ ಅಡ್ಮಿನ್. ನೀರಿನ ಟ್ಯಾಂಕರ್‌ಗೆ ಕೂಡಿಸಿದ ದುಡ್ಡಿನ ಲೆಕ್ಕ ಕೇಳಿದ ಅವರು, ಜೊತೆಗೆ ಲೆಕ್ಕ ಇಟ್ಟವರ ಮಗಳ ಬಗ್ಗೆಯೂ ಒಂದು ಕೆಟ್ಟ ಮಾತು ಸೇರಿಸಿದ್ದರು. ನಾನು ಅವರನ್ನು ಗುಂಪಿನಿಂದಲೇ ತೆಗೆದುಹಾಕಿದ್ದೆ.

ನೀವೇ ಹೇಳಿ, ನಿಮ್ಮ ಜಗಲಿಯಲ್ಲಿ ಕೂತು ಯಾರಾದರೂ ಇನ್ನೊಬ್ಬರ ಮಗಳನ್ನು ಆಡಿಕೊಂಡರೆ ‘ಎದ್ದು ಹೋಗಿ’ ಅನ್ನುವುದಿಲ್ಲವೇ? ಸಂವಿಧಾನದ 19ನೇ ವಿಧಿ ಕೊಟ್ಟಿರುವ ವಾಕ್ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರ ನಮ್ಮ ಬಾಯಿ ಕಟ್ಟದಿರಲಿ ಎಂದು. ಪರರ ಮನೆಯಲ್ಲಿ ಕೂತು ಬಯ್ಯಲು ಕೊಟ್ಟ ಪರವಾನಗಿಯಲ್ಲ.

ಆದರೆ ನನ್ನ ತವರು ಕೆಜಿಎಫ್ ನೆನಪಾದಾಗ ಮನಸ್ಸು ಅಳುಕುತ್ತದೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ನೆಲ, ಕ್ವಾರ್ಟರ್ಸ್, ಆಸ್ಪತ್ರೆ ಎಲ್ಲ ಕಂಪನಿಯದೇ. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ನಿಯಮವನ್ನು ವಿರೋಧಿಸಿ 1930ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಊರಿಗೆ ಊರೇ ಒಬ್ಬರ ಸೊತ್ತಾದರೆ ಅಂಥವರು ನಿಂತು ಮಾತಾಡುವುದೆಲ್ಲಿ? ಅಮೆರಿಕದ ಅಲಬಾಮಾದಲ್ಲೂ ಇಂಥದ್ದೇ ಒಂದು ಕಂಪನಿ ಊರಿತ್ತು. ಅಲ್ಲಿನ ಬೀದಿಯಲ್ಲಿ ಧಾರ್ಮಿಕ ಪತ್ರಿಕೆ ಹಂಚಿದ ಗ್ರೇಸ್ ಮಾರ್ಷ್ ಎಂಬ ಹೆಂಗಸಿಗೆ ಅತಿಕ್ರಮ ಪ್ರವೇಶದ ಶಿಕ್ಷೆಯಾಯಿತು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಜನರ ಓಡಾಟಕ್ಕೆ ತೆರೆದಿಟ್ಟಷ್ಟೂ ಮಾಲೀಕನ ಹಕ್ಕು ಕುಗ್ಗುತ್ತದೆ ಎಂದಿತು.

ನಮ್ಮಲ್ಲೂ 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿಯನ್ನೂ ಅದಕ್ಕೆ ‘ಲೈಕ್’ ಒತ್ತಿದ ಗೆಳತಿಯನ್ನೂ ಪೊಲೀಸರು ಬಂಧಿಸಿದ್ದರು. ಇಂಥ ಪ್ರಕರಣಗಳಿಗೆ ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ತೆಗೆದುಹಾಕಿತು. ಹಾಗಂತ ಏನು ಬೇಕಾದರೂ ಬರೆಯಬಹುದು ಅಂದುಕೊಳ್ಳಬೇಡಿ. ಮಾನನಷ್ಟ ಈಗಲೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆಯಾಗಬಹುದು.

ಹಾಗಾದರೆ ನನ್ನ ತಪ್ಪೆಲ್ಲಿ? ಕಲ್ಲಿನ ಜೊತೆ ಅಕ್ಕಿಯನ್ನೂ ಚೆಲ್ಲಿಬಿಟ್ಟಿದ್ದೆ! ಮಗಳ ಬಗ್ಗೆ ಆಡಿದ ಮಾತು ಅಳಿಸಬೇಕಾದದ್ದೇ. ಆದರೆ ಲೆಕ್ಕ ಕೇಳಿದ್ದು ನ್ಯಾಯ. ದುಡ್ಡು ಎಲ್ಲರದು, ನೀರೂ ಎಲ್ಲರದು. ಮರುದಿನವೇ ಅಕ್ಕನನ್ನು ಮತ್ತೆ ಸೇರಿಸಿ, ಆ ಪ್ರಶ್ನೆಯನ್ನು ನಾನೇ ಗುಂಪಿನಲ್ಲಿ ಹಾಕಿದೆ. ಸಂಜೆಯೊಳಗೆ ಲೆಕ್ಕವೂ ಬಂತು. ಅಕ್ಕ ಆ ಹುಡುಗಿಯ ಅಮ್ಮನ ಹತ್ತಿರ ಕ್ಷಮೆ ಕೇಳಿದರು.

ನೀವೂ ಅಡ್ಮಿನ್ ಆಗಿದ್ದರೆ ಗುಂಪಿನ ನಿಯಮ ಮೊದಲೇ ಹೇಳಿಬಿಡಿ. ಯಾರಾದರೂ ಮಿತಿ ಮೀರಿದರೆ ಮೊದಲು ಫೋನ್ ಮಾಡಿ ತಿಳಿಸಿ. ಒಬ್ಬರ ಮಾನ ಕಳೆಯುವ ಮಾತನ್ನು ಫಾರ್ವರ್ಡ್ ಮಾಡಲೇಬೇಡಿ. ಆದರೆ ಲೆಕ್ಕ ಕೇಳಿದರೆಂದು ಮಾತ್ರ ಯಾರನ್ನೂ ಹೊರಗೆ ಹಾಕಬೇಡಿ. ಬೈಗುಳಕ್ಕೆ ಬಾಗಿಲು ಹಾಕೋಣ, ಪ್ರಶ್ನೆಗಲ್ಲ. ಏನಂತೀರಿ?