ವಿಮಾನಕ್ಕೆ ಪೈಪೋಟಿ, ರೈಲಿಗೆ ಮೌನ

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹಕ್ಕಿಯಂತೆ ನೇರ ಹಾರಿದರೆ ಸುಮಾರು 75 ಕಿ.ಮೀ. ರಸ್ತೆಯಲ್ಲಿ ಸುಮಾರು 100 ಕಿ.ಮೀ. ಕಾರು ಇದ್ದವರಿಗೆ ಎರಡು ತಾಸಿನ ದಾರಿ.

ಇಷ್ಟು ಹತ್ತಿರ ಇರುವ ಈ ಎರಡು ನಿಲ್ದಾಣಗಳಿಗೂ 2017ರಲ್ಲಿ ಹೊಸ ಟರ್ಮಿನಲ್ ಬಂತು. ಮರುವರ್ಷವೇ ಸ್ಪೈಸ್‌ಜೆಟ್ ಬೆಳಗಾವಿಯ ವಿಮಾನಗಳನ್ನು ಹುಬ್ಬಳ್ಳಿಗೆ ಒಯ್ದಿತು. ಕಾರಣ ಉಡಾನ್ ಯೋಜನೆ. ಆಯ್ದ ಮಾರ್ಗಗಳಲ್ಲಿ ವಿಮಾನ ಕಂಪನಿಯ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ನೆರವು ಎಲ್ಲಿದೆಯೋ ವಿಮಾನ ಅಲ್ಲಿ. ಅಂದಿನಿಂದ ನಮ್ಮ ನಾಯಕರದು ಒಂದೇ ಲೆಕ್ಕ: ನಿಮ್ಮೂರಿಗೆ ಎಷ್ಟು ವಿಮಾನ, ನಮ್ಮೂರಿಗೆ ಎಷ್ಟು?

ಆದರೆ ಈ ಎರಡು ಊರುಗಳ ನಡುವೆ ದಿನಾ ಓಡಾಡುವವರು ಯಾರು? ಬೆಳಗಾವಿ ಜಿಲ್ಲೆಯ ರೈತನ ಜಮೀನು ವ್ಯಾಜ್ಯ ಹೈಕೋರ್ಟಿಗೆ ಹೋದರೆ ಅವನು ಧಾರವಾಡಕ್ಕೆ ಬರಬೇಕು. ದೊಡ್ಡ ಕಾಯಿಲೆಯಾದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್). ಧಾರವಾಡ ಜಿಲ್ಲೆಯವರಿಗೆ ಪ್ರಾದೇಶಿಕ ಆಯುಕ್ತರ ಕಚೇರಿ ಇರುವುದು ಬೆಳಗಾವಿಯಲ್ಲಿ. ಇವರಲ್ಲಿ ಯಾರೂ ವಿಮಾನ ಕೇಳಿದವರಲ್ಲ.

ಇವರಿಗೆ ಬೇಕಿರುವುದು ನೇರ ರೈಲು. ಈಗ ಧಾರವಾಡದಿಂದ ಬೆಳಗಾವಿಗೆ ರೈಲು ಅಳ್ನಾವರ, ಲೋಂಡಾ, ಖಾನಾಪುರ ಸುತ್ತಿ ಸುಮಾರು 120 ಕಿ.ಮೀ. ಓಡುತ್ತದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಂಗಳೂರು-ಬೆಳಗಾವಿ ವಂದೇ ಭಾರತ್‌ಗೂ ಈ ಸುತ್ತು ತಪ್ಪಿಲ್ಲ. ಕಿತ್ತೂರಿನ ಮೇಲೆ ನೇರ ಮಾರ್ಗ ಹಾಕಿದರೆ 73 ಕಿ.ಮೀ. ಮಾತ್ರ. ಹೆಚ್ಚುಕಡಿಮೆ ಒಂದು ತಾಸಿನ ಪ್ರಯಾಣ.

ಈ ಮಾರ್ಗಕ್ಕಾಗಿ ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ ಅಂಗಡಿ ಓಡಾಡಿದರು. 2020ರಲ್ಲಿ ಅವರು ತೀರಿಕೊಂಡರು. ಆಮೇಲೆ ಭೂಸ್ವಾಧೀನದಲ್ಲೇ ವರ್ಷಗಳು ಕಳೆದವು. ಕಿತ್ತೂರು ರಾಣಿ ಚೆನ್ನಮ್ಮನ ಹೆಸರು ಹೇಳದ ಭಾಷಣ ನಮ್ಮಲ್ಲಿಲ್ಲ, ಅವಳ ಊರಿಗೆ ಮಾತ್ರ ಇನ್ನೂ ರೈಲಿಲ್ಲ.

ತಡವಾಗಿದ್ದಕ್ಕೆ ರೈತರತ್ತ ಬೊಟ್ಟು ಮಾಡುವವರಿದ್ದಾರೆ. ಅದು ಅನ್ಯಾಯ. ಫಲವತ್ತಾದ ಹೊಲ ಹೋಗುತ್ತದೆ, ಬರಡು ಜಾಗದ ಕಡೆ ಮಾರ್ಗ ಸರಿಸಿ ಎಂದು ಕೇಳುವುದು ತಪ್ಪೇನಲ್ಲ. ಅವರ ಜೊತೆ ಕೂತು ಮಾತಾಡಿ, ಎಲ್ಲಿ ಸರಿಸಬಹುದೋ ಅಲ್ಲಿ ಸರಿಸಿ, ಉಳಿದ ಕಡೆ ತಕ್ಕ ಪರಿಹಾರವನ್ನು ಸಮಯಕ್ಕೆ ಕೊಡುವುದು ಸರ್ಕಾರದ ಕೆಲಸ. ವಿಮಾನ ಕಂಪನಿಯ ನಷ್ಟ ತುಂಬಲು ದಾರಿ ಹುಡುಕಿದವರಿಗೆ ರೈತನ ನಷ್ಟ ತುಂಬಲು ದಾರಿ ಸಿಗುವುದಿಲ್ಲವೇ?

ವಿಮಾನ ನಿಲ್ದಾಣ ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಉದ್ಯಮಕ್ಕೆ ಅದು ಬೇಕು. ಆದರೆ ನೇರ ರೈಲು ಬಂದರೆ ಈ ಪೈಪೋಟಿಯ ಬಿಸಿಯೂ ಇಳಿಯುತ್ತದೆ. ಹುಬ್ಬಳ್ಳಿಯಿಂದ ವಿಮಾನ ಇಲ್ಲದ ಊರಿಗೆ ಬೆಳಗಾವಿಯಿಂದ ಹೋಗಬಹುದು. ಬೆಳಗಾವಿಯಲ್ಲಿ ಸಿಗದ್ದು ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಎರಡು ನಿಲ್ದಾಣಗಳೂ ಎರಡು ಊರಿಗೂ ಸೇರಿದವಾಗುತ್ತವೆ.

ನಿಮ್ಮ ಶಾಸಕರೋ ಸಂಸದರೋ ಇನ್ನೊಮ್ಮೆ "ಹೊಸ ವಿಮಾನ ತಂದೆ" ಎಂದು ಊರಿಗೆ ಬಂದಾಗ ಚಪ್ಪಾಳೆ ತಟ್ಟಿ, ಬೇಡ ಅನ್ನೋದಿಲ್ಲ. ತಟ್ಟಿದ ಮೇಲೆ ಮೂರು ಪ್ರಶ್ನೆ ಕೇಳಿ. ಕಿತ್ತೂರು ರೈಲಿಗೆ ಎಷ್ಟು ಎಕರೆ ಕೈಗೆ ಬಂದಿದೆ? ಎಷ್ಟು ರೈತರ ಖಾತೆಗೆ ಹಣ ಬಿದ್ದಿದೆ? ಉಳಿದದ್ದು ಯಾವ ತಾರೀಖಿಗೆ?