ಯಾವೂರಾತ ನಿಮ್ಮ ಮೂಲಪುರುಷ?

ನಮ್ಮ ಕಡೆ ವಂಶಾವಳಿ ಬರೆಸುವ ಹುಚ್ಚು ಜೋರಾಗಿದೆ. ಬರೆಸಲಿ, ಬೇಡ ಅನ್ನಲ್ಲ. ಆದರೆ ಒಬ್ಬರ ಮೂಲಪುರುಷನೂ ಕೂಲಿ ಹುಡುಕಿಕೊಂಡು ಬಂದವನಲ್ಲವಂತೆ! ಎಲ್ಲರೂ ವಿಜಯನಗರದ ದಂಡನಾಯಕರ ಪೈಕಿಯೇ. ಹಾಗಾದ್ರೆ ಆ ಸೈನ್ಯದ ಕುದುರೆಗೆ ಹುಲ್ಲು ಹಾಕಿದವರ ಮಕ್ಕಳು ಎಲ್ಲಿ ಹೋದ್ರು ಸ್ವಾಮಿ?

ನಮ್ಮ ಮನೆತನದ ಬಗ್ಗೆ ಹೆಳವರು ಹೇಳೋದು ಇಷ್ಟೇ: ಹೊಳೆ ದಾಟಿ ಬಂದವರು. ಹರಿಹರದ ಹೊಳೆಯಾಚೆ ಆಗ ಮುಂಬೈ ಪ್ರಾಂತ್ಯ, ಈಚೆ ಮೈಸೂರು. 1876–78ರ ಧಾತು ಬರಕ್ಕೆ ಬಂದನೋ, ಸಾಲಕ್ಕೆ ಹೆದರಿ ಬಂದನೋ, ಹೆಳವರ ಬಾಯಲ್ಲೂ ಇಲ್ಲ. 1871ರಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರಿನ ಜನ ಆ ಬರ ಕಳೆದು 1881ರ ಗಣತಿಗೆ 42 ಲಕ್ಷಕ್ಕೆ ಇಳಿದಿದ್ದರು. ಅಂಥ ಕಾಲದಲ್ಲಿ ಯಾರು ಎಲ್ಲಿಂದ ಬಂದರು ಅಂತ ಬರೆದಿಡೋಕೆ ಯಾರಿಗೆ ಪುರುಸೊತ್ತಿತ್ತು? ನಮ್ಮ ದೊಡ್ಡಪ್ಪ ಮಾತ್ರ ಆ ಖಾಲಿ ಜಾಗದಲ್ಲಿ ‘ದೇಸಾಯರು’ ಅಂತ ಬರೆಸಿದಾರೆ.

ಬರೀ ಜಂಬವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದೇ ದೊಡ್ಡಪ್ಪ, ಭದ್ರಾ ಕಾಲುವೆ ನೀರು ನಂಬಿ ಆಂಧ್ರದಿಂದ ಬಂದು ಗದ್ದೆ ಮಾಡಿದ ಕ್ಯಾಂಪಿನವರನ್ನ ಇವತ್ತಿಗೂ ‘ವಲಸೆ ಬಂದೋರು’ ಅಂತಾರೆ. ಇಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದ ಅವರ ಮೊಮ್ಮಕ್ಕಳೂ ಹೊರಗಿನವರೇ. ಅಲ್ರೀ, ದಾವಣಗೆರೆ ಪೇಟೆ ಬೆಳೆದದ್ದೇ ಹೈದರಾಲಿಯಿಂದ ಜಹಗೀರು ಪಡೆದ ಮರಾಠ ಸರದಾರ ಅಪೋಜಿ ರಾಮ್ ವ್ಯಾಪಾರಿಗಳನ್ನ ಕರೆದು ಕೂರಿಸಿದ್ದರಿಂದ. ಕರೆದವನೂ ಹೊರಗಿನವ, ಬಂದವರೂ ಹೊರಗಿನವರು.

ವಂಶಾವಳಿಯ ಮೊದಲ ಸಾಲಲ್ಲಿ ‘ಹೊಳೆ ದಾಟಿ ಬಂದವನು, ಊರು ಗೊತ್ತಿಲ್ಲ’ ಅಂತ ಬರೆಸಿ. ನನ್ನ ಪ್ರತಿಯಲ್ಲಿ ದೇಸಾಯರನ್ನ ಹೊಡೆದುಹಾಕಿ ಹಾಗೇ ಬರೆದುಕೊಂಡಿದೀನಿ. ದೊಡ್ಡಪ್ಪ ಮಾತು ಬಿಟ್ಟಿದಾರೆ.